ಫೋನ್ ಎಣಿಸಿದರೆ ಜನರನ್ನು ಎಣಿಸಿದಂತೆಯೇ?

ಸುಗ್ಗಿ ಮುಗಿದರೆ ಸಾಕು, ಯಾದಗಿರಿ, ರಾಯಚೂರು ಕಡೆಯ ಎಷ್ಟೋ ಮನೆಗಳಿಗೆ ಬೀಗ. ಇಲ್ಲವೇ ಅಜ್ಜ-ಅಜ್ಜಿ ಮಾತ್ರ. ದುಡಿಯುವವರೆಲ್ಲ ಬೆಂಗಳೂರು, ಪುಣೆ, ಮುಂಬೈ ಕಡೆ ಗುಳೆ. 2011ರಲ್ಲಿ ಜನಗಣತಿ ನಡೆದದ್ದು ಫೆಬ್ರುವರಿಯಲ್ಲಿ. 2021ರದು ನಡೆಯಲೇ ಇಲ್ಲ. ಮುಂದಿನ ಗಣತಿಗೆ ನಮ್ಮ ರಾಜ್ಯಕ್ಕೆ ಗೊತ್ತುಮಾಡಿರುವ ದಿನ 2027ರ ಮಾರ್ಚ್ 1. ಅದೂ ಗುಳೆಯ ಕಾಲವೇ.

ಗುಳೆ ಹೋದವರು ಎಲ್ಲಿದ್ದಾರೆಂದು ಮೊಬೈಲ್ ಟವರಿಗೆ ಗೊತ್ತು. ನಾವು ಕರೆ ಮಾಡಿದಾಗ ಯಾವ ಟವರ್, ಎಷ್ಟು ಹೊತ್ತು ಎಂಬುದು ಕಂಪನಿಯಲ್ಲಿ ದಾಖಲಾಗುತ್ತದೆ. ರಾತ್ರಿ ಯಾವ ಟವರಿನಡಿ ಎಷ್ಟು ಫೋನ್ ಇವೆ ಎಂದು ನೋಡಿದರೆ, ಎಲ್ಲಿ ಎಷ್ಟು ಜನ ವಾಸವಿದ್ದಾರೆ ಎಂಬ ಅಂದಾಜು ಸಿಗುತ್ತದೆ.

ಇದು ಬರೀ ಮಾತಲ್ಲ. 2010ರ ಜನವರಿ 12ರಂದು ಹೈಟಿ ದೇಶದಲ್ಲಿ ದೊಡ್ಡ ಭೂಕಂಪವಾಯಿತು. ಸ್ವೀಡನ್ನಿನ ಸಂಶೋಧಕರು ಸುಮಾರು 19 ಲಕ್ಷ ಸಿಮ್‌ಗಳ ಓಡಾಟ ನೋಡಿದರು. ರಾಜಧಾನಿಯಲ್ಲಿದ್ದವರ ಪೈಕಿ ಸುಮಾರು 6.3 ಲಕ್ಷ ಜನ 19 ದಿನಗಳೊಳಗೆ ಊರು ಬಿಟ್ಟಿದ್ದಾರೆ, ಇಂಥಿಂಥ ಕಡೆ ಹೋಗಿದ್ದಾರೆ ಎಂದು ಲೆಕ್ಕ ಹಾಕಿದರು. ಆಮೇಲೆ ನಡೆದ ಮನೆ ಮನೆ ಸಮೀಕ್ಷೆಗೂ ಈ ಲೆಕ್ಕಕ್ಕೂ ತಾಳೆಯಾಯಿತು.

ಆದರೆ ಫೋನ್ ಎಂದರೆ ಮನುಷ್ಯ ಅಲ್ಲ. ಒಬ್ಬರ ಹತ್ತಿರ ಎರಡು ಸಿಮ್ ಇರುತ್ತವೆ. ಇನ್ನೊಂದು ಮನೆಯಲ್ಲಿ ಐದು ಜನಕ್ಕೆ ಒಂದೇ ಫೋನ್, ಅದೂ ಗಂಡಸಿನ ಜೇಬಿನಲ್ಲಿ. ಅವನ ಜೊತೆ ಗುಳೆ ಹೋದ ಹೆಂಡತಿ, ಮಕ್ಕಳು ಟವರಿಗೆ ಕಾಣುವುದೇ ಇಲ್ಲ. ಅಂಗನವಾಡಿ, ಶಾಲೆ ಬೇಕಾದದ್ದು ಆ ಮಕ್ಕಳಿಗೇ.

ಇನ್ನೊಂದು ಭಯವೂ ಇದೆ. ಹೆಸರು, ನಂಬರ್ ತೆಗೆದುಬಿಟ್ಟರೆ ಸಾಕು ಎನ್ನುತ್ತಾರೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ 15 ಲಕ್ಷ ಜನರ ಮಾಹಿತಿ ನೋಡಿತು. ಒಬ್ಬ ಮನುಷ್ಯ ಯಾವ ಹೊತ್ತಿಗೆ ಎಲ್ಲಿದ್ದ ಎಂಬ ನಾಲ್ಕು ಸುಳಿವು ಸಿಕ್ಕರೆ ನೂರಕ್ಕೆ 95 ಮಂದಿಯನ್ನು ಬೇರ್ಪಡಿಸಿ ಗುರುತಿಸಬಹುದು ಎಂದು ಅದು ತೋರಿಸಿತು. ಆದ್ದರಿಂದ ಒಬ್ಬೊಬ್ಬರ ಜಾಡು ಯಾರ ಕೈಗೂ ಹೋಗಬಾರದು. ಟವರಿಗೆ ಇಷ್ಟು ಜನ ಎಂಬ ಒಟ್ಟು ಲೆಕ್ಕ ಸಾಕು.

ನಮ್ಮ ಮಾತು ಇಷ್ಟೇ. ಗಣತಿಯವರು ಯಾವ ಇಟ್ಟಿಗೆ ಭಟ್ಟಿಗೆ, ಯಾವ ಕಟ್ಟಡದ ಶೆಡ್ಡಿಗೆ ಹೋಗಬೇಕು ಎಂಬ ದಾರಿಯನ್ನು ಫೋನ್ ಲೆಕ್ಕ ತೋರಿಸಲಿ. ಎಣಿಸುವ ಕೆಲಸವನ್ನು ಮನುಷ್ಯರೇ ಮಾಡಲಿ, ಮಗುವನ್ನೂ ಬಿಡದೆ. ನಿಮ್ಮವರು ಗುಳೆ ಹೋಗಿದ್ದರೆ ಇವತ್ತೇ ಒಂದು ಫೋನ್ ಮಾಡಿ ಹೇಳಿ: ಗಣತಿಯವರು ಬಂದರೆ ಎಲ್ಲರ ಹೆಸರೂ ಬರೆಸಿ.