ವಾಲಗದವರಿಗೆ ಕಡೇ ಪಂಕ್ತಿಯೇ?

ಮದುವೆ ದಿಬ್ಬಣ ಹಾಲ್‌ನ ಬಾಗಿಲಿಗೆ ಬರುವ ಮೊದಲೇ ಬಿಸಿಲಿನಲ್ಲಿ ನಿಂತಿರುವವರು ಸ್ಯಾಕ್ಸೋಫೋನಿನವರು. ಎಲ್ಲರೂ ಉಂಡು ಕೈತೊಳೆದ ಮೇಲೆ ಎಲೆಯ ಮುಂದೆ ಕೂರುವವರೂ ಅವರೇ. ‘ಸ್ವಲ್ಪ ತಡೀರಿ ಮಾರಾಯ್ರೆ, ನೆಂಟರದ್ದು ಮುಗೀಲಿ’ ಎಂಬ ಮಾತು ಅವರಿಗೆ ಹೊಸತಲ್ಲ. ಈ ವಾದ್ಯಕ್ಕೆ ಜಗತ್ತಿನಲ್ಲಿ ಹೆಸರು ತಂದ ಜಿಲ್ಲೆಯಲ್ಲೇ ಹೀಗಾದರೆ ಹೇಗೆ?

ಸ್ಯಾಕ್ಸೋಫೋನ್ ಹುಟ್ಟಿದ್ದು ದೇವರ ಉತ್ಸವಕ್ಕಲ್ಲ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಇದು ಮೊದಲು ನೆಲೆ ಕಂಡದ್ದು ಫ್ರೆಂಚ್ ಸೇನೆಯ ಬ್ಯಾಂಡುಗಳಲ್ಲಿ. ಅಂಥ ಬ್ಯಾಂಡಿನ ವಾದ್ಯವಾಗಿಯೇ ಮೈಸೂರು ಅರಮನೆಗೂ ಬಂತು.

ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮರುಳಾದವರು ಬಂಟ್ವಾಳ ತಾಲೂಕಿನ ಸಜಿಪಮೂಡದ ಹುಡುಗ, ಮುಂದೆ ಕದ್ರಿ ಗೋಪಾಲನಾಥ್ ಎಂದು ಹೆಸರಾದವರು. ತಂದೆ ತನಿಯಪ್ಪ ನಾಗಸ್ವರದವರು. ಮನೆವಾದ್ಯ ಕೈಯಲ್ಲಿದ್ದರೂ ಮನಸ್ಸು ಹಿತ್ತಾಳೆಯ ಕೊಳವೆಯ ಮೇಲೆ ಹೋಯಿತು. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್, ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಿಗೆ ಗುರುಗಳಾದರು.

ಕೆಲಸ ಸುಲಭದ್ದೇನಲ್ಲ. ಈ ವಾದ್ಯದ ಕೀ ಒತ್ತಿದರೆ ಸ್ವರ ಸಿಗುತ್ತದೆ, ಗಮಕ ಸಿಗುವುದಿಲ್ಲ. ಸ್ವರದಿಂದ ಸ್ವರಕ್ಕೆ ಜಾರಬೇಕಾದರೆ ತುಟಿ, ಉಸಿರು, ಬೆರಳು ಮೂರೂ ಒಂದಾಗಬೇಕು. ಅದಕ್ಕೆ ವರ್ಷಗಟ್ಟಲೆ ಸಾಧನೆ ಹಿಡಿಯಿತು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಕಛೇರಿ, ಅದೇ ವರ್ಷ ‘ಡ್ಯುಯೆಟ್’ ಸಿನಿಮಾದ ಸ್ಯಾಕ್ಸೋಫೋನ್, 2004ರಲ್ಲಿ ಪದ್ಮಶ್ರೀ. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ಅವರು ತೀರಿಕೊಂಡರು.

ಅವರ ದಾರಿ ಹಿಡಿದವರು ಇಂದು ಜಿಲ್ಲೆಯ ಮದುವೆ, ರಥೋತ್ಸವಗಳಲ್ಲಿ ನುಡಿಸುತ್ತಿದ್ದಾರೆ. ಸಂಸ್ಥಾನ ಹೋದ ಮೇಲೆ ಅರಮನೆ ಬ್ಯಾಂಡು ಪೊಲೀಸ್ ಇಲಾಖೆಗೆ ಸೇರಿತು. ಹಾಗಾಗಿ ಅಲ್ಲಿನವರಿಗೆ ಸಂಬಳವಿದೆ, ಸಮವಸ್ತ್ರವಿದೆ. ಊರಿನ ವಾಲಗದವರಿಗೆ ಇರುವುದು ಮದುವೆ ಸೀಸನ್ ಮಾತ್ರ. ಮಳೆಗಾಲ ಹಿಡಿದರೆ ವಾದ್ಯ ಪೆಟ್ಟಿಗೆಗೆ, ಹೊಟ್ಟೆಪಾಡು ದೇವರಿಗೆ.

ಹೀಗಿದ್ದೂ ಚೌಕಾಸಿ ಮಾಡುವುದು ಯಾರ ಹತ್ತಿರ? ಪೆಂಡಾಲಿನವನ ಬಿಲ್ಲಿಗೆ ತುಟಿ ಬಿಚ್ಚುವುದಿಲ್ಲ, ಅಡುಗೆಯವನು ಕೇಳಿದಷ್ಟು ಎಣಿಸಿ ಕೊಡುತ್ತಾರೆ. ವಾಲಗದ ಲೆಕ್ಕ ಬಂದಾಗಲೇ ‘ನೂರು ಇನ್ನೂರು ಬಿಡಿ’ ಎಂಬ ಮಾತು. ಸರ್ಕಾರ ಏನು ಮಾಡುತ್ತದೆ ಎಂದು ಕೇಳುವ ಮೊದಲು ಉತ್ಸವ ಸಮಿತಿಯವರು, ಮದುವೆ ಮನೆಯ ಯಜಮಾನರು ಮಾಡಬಹುದಾದ್ದು ಇದೆ. ಒಪ್ಪಿದ ಹಣ ವಾದ್ಯ ಕೆಳಗಿಡುವ ಹೊತ್ತಿಗೇ ಕೈಗೆ ಬರಲಿ. ಬಿಸಿಲಲ್ಲಿ ನಿಂತವರಿಗೆ ನೆರಳು, ನಾಲ್ಕು ಕುರ್ಚಿ ಸಿಗಲಿ. ದೇವಸ್ಥಾನದ ಜಗಲಿಯಲ್ಲಿ ವಾರಕ್ಕೊಂದು ದಿನ ಎಳೆಯರಿಗೆ ಪಾಠ ನಡೆಯಲಿ, ಕಲಿಸಿದವರಿಗೆ ಗೌರವಧನವೂ ಇರಲಿ.

ಹೋದವರ ಪಟಕ್ಕೆ ಹಾರ ಹಾಕುವುದು ಕಷ್ಟದ ಕೆಲಸವಲ್ಲ. ಮುಂದಿನ ಮದುವೆಯಲ್ಲಿ ವಾಲಗದವರನ್ನು ಮೊದಲ ಪಂಕ್ತಿಗೆ ಕರೆಯಲಿ. ಉಸಿರು ಖರ್ಚು ಮಾಡಿ ದುಡಿಯುವವರಿಗೆ ಹಸಿವೂ ಬೇಗ.