ನಲವತ್ತಾರು ಮತಗಳು

‘ನನ್ನೊಬ್ಬಳ ಮತದಿಂದ ಆಗುವುದೇನು?’ ಎಂದು ಮತದಾನದ ದಿನವೂ ಒಲೆಯ ಮುಂದೆಯೇ ಕುಳಿತುಬಿಡುವ ಸೋದರಿಯರು ಎಲ್ಲ ಊರುಗಳಲ್ಲಿಯೂ ಉಂಟು. ನಮ್ಮ ನಿಂಬರ್ಗಾ ಇದಕ್ಕೆ ಹೊರತಲ್ಲ. ಅಂತಹವರಿಗಾಗಿ ನಮ್ಮದೇ ಜಿಲ್ಲೆಯ ಮುಖಂಡರೊಬ್ಬರ ವೃತ್ತಾಂತವನ್ನು ಇಲ್ಲಿ ಹೇಳುವೆನು.

ಧರ್ಮಸಿಂಗರು 1936ರಲ್ಲಿ ಜೇವರ್ಗಿ ತಾಲೂಕಿನ ನೆಲೋಗಿಯಲ್ಲಿ ಜನಿಸಿದರು. ಕ್ಷೇತ್ರದಲ್ಲಿ ಅವರ ಜಾತಿಯವರು ವಿರಳ. ಆದರೂ ಜೇವರ್ಗಿಯ ಜನರು ಅವರನ್ನು ಮರಳಿ ಮರಳಿ ವಿಧಾನಸಭೆಗೆ ಕಳುಹಿದರು. 1980ರಲ್ಲಿ ಗುಲಬರ್ಗಾದಿಂದ ಲೋಕಸಭೆಗೆ ಆರಿಸಿ ಬಂದಾಗ, ದೆಹಲಿಯಲ್ಲಿ ವಾಜಪೇಯಿಯವರೆದುರು ಸೋತಿದ್ದ ಸಿ.ಎಂ. ಸ್ಟೀಫನ್ನರಿಗಾಗಿ ಗೆದ್ದ ಸ್ಥಾನವನ್ನೇ ಬಿಟ್ಟುಕೊಟ್ಟರು. 2004ರ ಮೇ ತಿಂಗಳಲ್ಲಿ ಮುಖ್ಯಮಂತ್ರಿಗಳಾದರು. ಎರಡು ಪಕ್ಷಗಳು ಕೂಡಿ ನಡೆಸಿದ ಆ ಸರಕಾರವು ಮಿತ್ರಪಕ್ಷದ ಬೆಂಬಲ ತಪ್ಪಿದುದರಿಂದ 2006ರ ಆರಂಭದಲ್ಲಿ ಉರುಳಿತು.

2008ರಲ್ಲಿ ಅದೇ ಜೇವರ್ಗಿಯು ಅವರನ್ನು ಕೈಬಿಟ್ಟಿತು. ಅಂತರವೆಷ್ಟು? ಕೇವಲ 46 ಮತಗಳು! ಇಪ್ಪತ್ತನಾಲ್ಕು ಮಂದಿ ಮನಸ್ಸು ಬದಲಿಸಿದ್ದರೆ ಫಲವೇ ತಿರುಗುಮುರುಗಾಗುತ್ತಿದ್ದಿತು. ರಾಜ್ಯವನ್ನಾಳಿದವರ ಭಾಗ್ಯವನ್ನು ಒಂದು ಓಣಿಯ ಜನ ನಿರ್ಣಯಿಸಬಲ್ಲರೆಂಬುದಕ್ಕೆ ಬೇರೆ ನಿದರ್ಶನವೇಕೆ?

ಸಿಂಗರು ಮುನಿದು ಮೂಲೆ ಸೇರಲಿಲ್ಲ. ಮರುವರ್ಷವೇ ಬೀದರದಿಂದ ಸ್ಪರ್ಧಿಸಿ ಲೋಕಸಭೆಗೆ ಹೋದರು. 2017ರ ಜುಲೈ 27ರಂದು ಕಾಲವಶರಾದರು.

ಸೋದರಿಯರೇ, ಯಾರಿಗೆ ಮತ ಕೊಡಬೇಕೆಂಬುದು ನಿಮ್ಮ ವಿವೇಕಕ್ಕೆ ಬಿಟ್ಟ ಮಾತು. ಆದರೆ ಆ ದಿನ ರೊಟ್ಟಿ ಬಡಿಯುವುದು ಒಂದು ಗಳಿಗೆ ತಡವಾದರೆ ಮನೆಗೇನೂ ಕೇಡಿಲ್ಲ. ಒಲೆಯನ್ನು ಮತ್ತೆ ಹೊತ್ತಿಸಬಹುದು. ತಪ್ಪಿದ ಮತವು ಐದು ವರುಷ ಮರಳದು.