ಮೀಟಿಂಗಿನಲ್ಲಿ ಎಲ್ಲರೂ ಸುಮ್ಮನಿದ್ದರೆ ತಪ್ಪು ಯಾರದು?

ಸಿಡ್ನಿಯ ಕೆಲ್ಲಿವಿಲ್‌ನಿಂದ ಮಾತಾಡ್ತಾ ಇದ್ದೀವಿ. ಇವತ್ತಿನ ವಿಷಯ ನಾವು ದಿನಾ ಹೋಗಿಬರುವ ಆಫೀಸು.

ಬೆಳಿಗ್ಗೆ ಇಲ್ಲಿಂದ ಮೆಟ್ರೋ ಹತ್ತಿ ಪೇಟೆ ಕಡೆಗೆ ಹೋಗುವಾಗ ಎಷ್ಟೋ ಸಲ ಕನ್ನಡ ಕಿವಿಗೆ ಬೀಳುತ್ತೆ. ಕೆಲಸದಲ್ಲಿ ಏನು ಸರಿಯಿಲ್ಲ, ಹೇಗೆ ಸರಿಮಾಡಬಹುದು ಅಂತ ಜೋರು ಚರ್ಚೆ. ಅದೇ ಜನ ಮೀಟಿಂಗಿನಲ್ಲಿ ಕೂತರೆ ಬಾಯಿಗೆ ಬೀಗ!

ನಾವೂ ಇದನ್ನು ಅನುಭವಿಸಿದ್ದೇವೆ. ಒಂದು ಪ್ರಾಜೆಕ್ಟು ಹೇಳಿದ ದಿನಕ್ಕೆ ಮುಗಿಯಲ್ಲ ಅಂತ ಇಡೀ ತಂಡಕ್ಕೆ ಗೊತ್ತಿತ್ತು. ಮ್ಯಾನೇಜರ್ "ಎಲ್ಲ ಸರಿ ಇದೆ ತಾನೆ?" ಅಂದರು. ಎಲ್ಲರೂ ತಲೆಯಾಡಿಸಿದೆವು. ಮೂರು ವಾರದ ನಂತರ ಗ್ರಾಹಕರ ಮುಂದೆ ತಲೆ ತಗ್ಗಿಸಿ ನಿಂತೆವು.

"ದೊಡ್ಡವರಿಗೆ ಎದುರು ಮಾತಾಡಬಾರದು ಅಂತ ಬೆಳೆದವರಲ್ವಾ ನಾವು" ಅಂತ ಸಮಾಧಾನ ಹೇಳಿಕೊಳ್ಳೋದು ಸುಲಭ. ಆದರೆ ನಮ್ಮ ಅಭಿಪ್ರಾಯದಲ್ಲಿ ಈ ಮೌನದ ಹೊಣೆ ಮೊದಲು ಮುಂದಾಳಿನದು.

ವಿಜ್ಞಾನ ಏನು ಹೇಳುತ್ತೆ ನೋಡೋಣ. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತೆ ಅಂತ ಅವರ ಎಣಿಕೆ. ಲೆಕ್ಕ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ವರದಿಯಾದ ತಪ್ಪುಗಳು ಹೆಚ್ಚು! ಅವರು ಕಂಡುಕೊಂಡ ಕಾರಣ ಇದು: ಆ ತಂಡದವರು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು. ಹೇಳಿದರೆ ಪೆಟ್ಟು ಬೀಳಲ್ಲ ಅನ್ನೋ ಧೈರ್ಯ ಅವರಿಗಿತ್ತು.

ಇಂಥ ಧೈರ್ಯ ಹುಟ್ಟೋದು ಹೇಗೆ? ನಮ್ಮ ಬೆಂಗಳೂರಿನದೇ ಉದಾಹರಣೆ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದುಕೊಂಡೇ ಇಸ್ರೋವನ್ನೂ ನಡೆಸಿದವರು ಸತೀಶ್ ಧವನ್. 1979ರ ಆಗಸ್ಟ್ 10ರಂದು ಎಸ್ಎಲ್‌ವಿ-3 ರಾಕೆಟ್ಟು ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ನಿರ್ದೇಶಕರು ಅಬ್ದುಲ್ ಕಲಾಂ. ಆದರೆ ಪತ್ರಕರ್ತರ ಮುಂದೆ ಕೂತು ಸೋಲನ್ನು ತಮ್ಮ ಮೈಮೇಲೆ ಹಾಕಿಕೊಂಡವರು ಧವನ್. 1980ರ ಜುಲೈ 18ರಂದು ಅದೇ ರಾಕೆಟ್ಟು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ, ಪತ್ರಕರ್ತರ ಜೊತೆ ನೀವೇ ಮಾತಾಡಿ ಅಂತ ಕಲಾಂ ಅವರನ್ನು ಮುಂದೆ ಕಳಿಸಿದರು. ಕಲಾಂ ಇದನ್ನು ಎಷ್ಟೋ ಸಭೆಗಳಲ್ಲಿ ನೆನೆದಿದ್ದಾರೆ.

ಹಾಗಂತ ಎಲ್ಲ ತಪ್ಪಿಗೂ ಬೆನ್ನು ತಟ್ಟಬೇಕು ಅಂತಲ್ಲ. ಧವನ್ ಗುರಿಯನ್ನು ಇಳಿಸಲಿಲ್ಲ, ರಾಕೆಟ್ಟು ಕಕ್ಷೆ ಮುಟ್ಟಲೇಬೇಕಿತ್ತು. ಕೆಲಸದಲ್ಲಿ ಬಿಗಿ ಇರಲಿ, ಮಾತಿಗೆ ಹೆದರಿಕೆ ಬೇಡ.

ಇಲ್ಲಿಗೆ ಬಂದಾಗ ಕೆಳಗಿನ ಕುರ್ಚಿಯಲ್ಲಿ ಕೂತಿದ್ದ ನಮ್ಮಲ್ಲಿ ಎಷ್ಟೋ ಜನ ಈಗ ಟೀಮ್ ನಡೆಸ್ತಿದ್ದೀವಿ. ನಾಳೆಯ ಮೀಟಿಂಗಿನಲ್ಲೇ ಶುರು ಮಾಡಬಹುದು. "ಎಲ್ಲ ಸರಿ ಇದೆ ತಾನೆ?" ಅನ್ನೋ ಬದಲು "ಇದು ಎಲ್ಲಿ ಕೆಡಬಹುದು?" ಅಂತ ಕೇಳೋಣ. ನಮ್ಮ ಅಭಿಪ್ರಾಯ ಕೊನೆಗೆ ಹೇಳೋಣ. ಕೆಟ್ಟ ಸುದ್ದಿ ಮೊದಲು ತಂದವರಿಗೆ ಎಲ್ಲರೆದುರು ಥ್ಯಾಂಕ್ಸ್ ಹೇಳೋಣ, ಮುಖ ಗಂಟು ಹಾಕೋದು ಬೇಡ. ಆ ಒಂದು ಕ್ಷಣದ ಮುಖವನ್ನು ಇಡೀ ತಂಡ ನೋಡ್ತಾ ಇರುತ್ತೆ.

ನಿಮ್ಮ ಆಫೀಸಿನಲ್ಲಿ ಹೇಗೆ? ನಮಗೆ ಬರೆದು ತಿಳಿಸಿ.